ತೊರೆಯಾಚೆಯ ನೆಲ

ಹೆಫ್ಟ್ ಎಂದರೆ ಏನು ಎಂದು ಆ ಹುಡುಗಿ ಕೇಳಿದಾಗ ಐಸಾಕ್ ಟೈಸನ್ನನಿಗೆ ಮೊದಲು ನಗು ಬಂತು, ಆಮೇಲೆ ಯಾಕೋ ಸಂಕಟವಾಯಿತು. ಅವಳ ಹೆಸರು ಇಮೊಜೆನ್, ನಿಘಂಟು ಮಾಡುವವರು ಕಳಿಸಿದವಳು. ಪೇಟೆಯ ಇಂಗ್ಲಿಷರು ಮರೆತುಬಿಟ್ಟ ಕ್ರಿಯಾಪದಗಳು ಈ ಕಂಬ್ರಿಯದ ಗುಡ್ಡಗಳಲ್ಲಿ ಇನ್ನೂ ಜೀವ ಹಿಡಿದುಕೊಂಡಿವೆಯಂತೆ, ಅವುಗಳನ್ನು ಆಡುವವರ ಬಾಯಿಂದಲೇ ಕೇಳಬೇಕಂತೆ. ಪಬ್ಬಿನ ಹಿಂದಿನ ಅಂಗಳದ ಕಲ್ಲುಗೋಡೆಯ ಮೇಲೆ ಅವಳು ತನ್ನ ಪುಟ್ಟ ಯಂತ್ರವನ್ನಿಟ್ಟು, ಅದರ ಕೆಂಪು ದೀಪ ಹತ್ತಿತೇ ಎಂದು ಬಗ್ಗಿ ನೋಡಿ, ‘ನಿಮಗೆ ತೋಚಿದ ಹಾಗೆ ಹೇಳಿ, ತಪ್ಪು ಸರಿ ಅಂತ ಏನೂ ಇಲ್ಲ’ ಎಂದಳು. ತಪ್ಪು ಸರಿ ಇಲ್ಲದ ವಿಷಯ ಈ ಲೋಕದಲ್ಲಿ ಯಾವುದಿದೆ ಎಂದುಕೊಳ್ಳುತ್ತ ಐಸಾಕ್ ಗೇಟಿನ ಕಡೆ ನೋಡಿದ. ಬೆಳಗಿನಿಂದ ಅವನ ಕಣ್ಣು ಅಲ್ಲೇ ಇತ್ತು. ಅಕ್ಟೋಬರಿನ ಕೊನೆಯ ಶನಿವಾರ, ಕುರಿಗಾರರ ಕೂಟ. ಗುಡ್ಡದ ಮೇಲೆ ತಮ್ಮ ಹಿಂಡಿಗೆ ಬಂದು ಸೇರಿಕೊಂಡ ಪರರ ಕುರಿಗಳನ್ನು ಎಲ್ಲರೂ ಈ ದಿನ ಹೊಡೆದುಕೊಂಡು ಬಂದು ಅಂಗಳದ ದೊಡ್ಡಿಗಳಲ್ಲಿ ಕೂಡುತ್ತಾರೆ. ಕಿವಿಯ ಕಚ್ಚು, ಉಣ್ಣೆಯ ಮೇಲಿನ ಬಣ್ಣ ನೋಡಿ ಅವರವರದು ಅವರವರಿಗೆ. ಐಸಾಕನ ದೊಡ್ಡಿಯಲ್ಲಿದ್ದದ್ದು ಒಂದೇ ಕುರಿ, ಸೊಂಟದ ಮೇಲೆ ನೀಲಿ ಬಳಿದದ್ದು, ತೊರೆಯಾಚೆಯ ಹಳೆಯ ಗೆಳೆಯ ಲ್ಯಾಂಟಿ ಬರ್ಕೆಟ್ಟನದು. ಮೀಸೆ ಚಿಗುರಿದಾಗಿನಿಂದ ಲ್ಯಾಂಟಿ ಕೂಟಕ್ಕೆ ಎಲ್ಲರಿಗಿಂತ ಮುಂಚೆ ಬರುವವನು. ಇವತ್ತು ಇನ್ನೂ ಬಂದಿರಲಿಲ್ಲ.

‘ಎರಡು ಥರ ಹೇಳ್ತೀವಿ ಕಣಮ್ಮ’ ಎಂದ ಐಸಾಕ್. ‘ಕುರಿ ಕೊಳ್ಳೋವಾಗ ಹೊಟ್ಟೆ ಕೆಳಗೆ ಕೈ ಕೊಟ್ಟು ಎತ್ತಿ ನೋಡ್ತೀವಲ್ಲ, ತೂಕ ಎಷ್ಟಿದೆ ಅಂತ, ಅದೂ ಹೆಫ್ಟ್ ಮಾಡೋದೇ. ಅದನ್ನ ಪೇಟೆಯೋರೂ ಬಲ್ಲರು. ಇನ್ನೊಂದು ನಮ್ಮದು.’

ನಮ್ಮದು ಎಂದೇನೋ ಅಂದ. ಹೇಗೆ ಹೇಳುವುದು? ಗುಡ್ಡಕ್ಕೆ ಬೇಲಿಯಿಲ್ಲ, ಗೋಡೆಯಿಲ್ಲ. ಆದರೂ ಒಂದೊಂದು ಮನೆಯ ಹಿಂಡು ತನ್ನ ಪಾಲಿನ ನೆಲ ಬಿಟ್ಟು ಕದಲುವುದಿಲ್ಲ. ತಾಯಿಯ ಹಿಂದೆ ಒಂದು ಬೇಸಿಗೆ ಅಲೆದ ಮರಿಗೆ ಎಲ್ಲಿ ನೀರು, ಎಲ್ಲಿ ಗಾಳಿಗೆ ಮರೆ, ಯಾವ ತೊರೆ ದಾಟಬಾರದು ಎಂಬುದು ಮೈಗೆ ಹತ್ತಿಬಿಡುತ್ತದೆ. ಅದು ತಾಯಿಯಾದಾಗ ತನ್ನ ಮರಿಗೆ ದಾಟಿಸುತ್ತದೆ. ಅವನ ಅಪ್ಪ, ಅಜ್ಜ, ಅವರಪ್ಪ ಎಲ್ಲರೂ ಬಂದು ಹೋದರು. ಅವರು ಸಾಕಿದ ಕುರಿಗಳ ಮೊಮ್ಮಕ್ಕಳ ಮೊಮ್ಮಕ್ಕಳು ಇನ್ನೂ ಅದೇ ಬಂಡೆಯ ಮಗ್ಗುಲಲ್ಲಿ ಮಲಗುತ್ತವೆ. ಮನೆ ಕೊಳ್ಳುವವನು ಆ ಹಿಂಡನ್ನೂ ಕೊಳ್ಳಬೇಕು, ಬಿಟ್ಟು ಹೋಗುವವನು ಹಿಂಡನ್ನೂ ಬಿಟ್ಟು ಹೋಗಬೇಕು. ಹಿಂಡು ಮನುಷ್ಯನದಲ್ಲ, ನೆಲದ್ದು. ಇದನ್ನೆಲ್ಲ ಅವನು ಅಡ್ಡಾದಿಡ್ಡಿಯಾಗಿ ಹೇಳಿದ. ಇಮೊಜೆನ್ ಮಧ್ಯೆ ಬಾಯಿ ಹಾಕದೆ ಕೇಳಿದಳು. ಅವಳು ಕೇಳುವ ರೀತಿ ಹಿತವಾಗಿತ್ತು, ಆದ್ದರಿಂದಲೇ ಬೇಡದ್ದೆಲ್ಲ ಗಂಟಲಿಗೆ ಬರುತ್ತಿತ್ತು. ಮುದುಕಿಯ ಸುದ್ದಿ ಹೇಳಿಬಿಡುವೆನೇನೋ ಎಂದು ಅವನಿಗೆ ಹೆದರಿಕೆಯಾಯಿತು.

ಗುಡ್ಡದ ಕುರಿಗೆ ಯಾರೂ ಹೆಸರಿಡುವುದಿಲ್ಲ. ಆದರೆ ತನ್ನ ಹಿಂಡಿನ ಒಂದು ಹಿರಿಯ ಕುರಿಯನ್ನು ಅವನು ಮುದುಕಿ ಎನ್ನುತ್ತಿದ್ದ. ಇಬ್ಬನಿ ಬಿದ್ದ ಹಾಗೆ ಬೆಳ್ಳಗಿನ ಮುಖ, ಒಂದು ಕಿವಿ ಹಿಮದಲ್ಲಿ ಕೊಳೆತು ಮೊಟಕಾಗಿತ್ತು. ಗುಡ್ಡದಿಂದ ಇಳಿಸುವಾಗ ಅವಳೇ ಮುಂದೆ, ಹತ್ತಿಸುವಾಗ ಅವಳೇ ಮುಂದೆ. ನಾಯಿಗೆ ಅರ್ಧ ಕೆಲಸ ತಪ್ಪುತ್ತಿತ್ತು. ಅಂಥವಳು ಈ ಸೆಪ್ಟೆಂಬರಿನಲ್ಲಿ ತೊರೆ ದಾಟಿದಳು. ಒಂದು ಬೆಳಿಗ್ಗೆ ನೋಡಿದರೆ ಆಚೆಗಿನ ಲ್ಯಾಂಟಿಯ ನೆಲದಲ್ಲಿ, ಹಿಂದೆ ಅವಳ ಹೆಣ್ಣುಮಕ್ಕಳು, ಅವುಗಳ ಮರಿಗಳು, ಸಾಲಾಗಿ. ಹೊಡೆದು ತಂದ. ಮರುದಿನ ಮತ್ತೆ ದಾಟಿದಳು. ಅಟ್ಟಿ ಅಟ್ಟಿ ಅವನ ಹೆಣ್ಣುನಾಯಿ ನೆಲ್ಲಳ ಅಂಗಾಲು ಸೀಳಿಹೋಯಿತು. ಐಸಾಕನಿಗೆ ಬಂದ ಸಿಟ್ಟು ಕುರಿಯ ಮೇಲೆ ಬರುವ ಸಿಟ್ಟಾಗಿರಲಿಲ್ಲ. ನಾನು ಏನು ಕಡಿಮೆ ಮಾಡಿದೆ ನಿನಗೆ ಎಂದು ಗಾಳಿಯಲ್ಲಿ ಕೂಗಿದ್ದ, ಹೆಂಡತಿಯನ್ನು ಬೇರೆಯವನ ಜೊತೆ ಕಂಡವನ ಹಾಗೆ. ಆಮೇಲೆ ತನ್ನ ದನಿಗೆ ತಾನೇ ನಾಚಿದ. ಉಂಡಾಡಿಯಾದ ಕುರಿ ಹಿಂಡನ್ನೆಲ್ಲ ಕೆಡಿಸುತ್ತದೆ, ಅದನ್ನು ಇಟ್ಟುಕೊಳ್ಳಬಾರದು. ಅದು ಅಪ್ಪ ಹೇಳಿಕೊಟ್ಟದ್ದು, ಲ್ಯಾಂಟಿಯ ಅಪ್ಪನೂ ಹೇಳುತ್ತಿದ್ದದ್ದು.

ಕಸಾಯಿಖಾನೆಗೆ ಕಳಿಸುವ ದಿನ ಲ್ಯಾಂಟಿಯನ್ನೇ ಕರೆದಿದ್ದ. ಮುದುಕಿ ಗಾಡಿಯ ಹಲಗೆ ಹತ್ತಲೊಲ್ಲದೆ ನಿಂತಳು. ಐಸಾಕ್ ಅವಳ ಕೊರಳಿಗೆ ಕೈ ಹಾಕಿದ, ಲ್ಯಾಂಟಿ ಬಗ್ಗಿ ಹಿಂಗಾಲು ಹಿಡಿದ. ‘ಏನೇ ಹೇಳು, ಲ್ಯಾಂಟಿ, ಒಳ್ಳೇ ಕುರಿ ಕಣೋ ಇದು’ ಎಂದಿದ್ದ ಐಸಾಕ್, ಯಾರಾದರೂ ಬೇಡ ಎಂದರೆ ನಿಲ್ಲಿಸಿಬಿಡುವವನ ದನಿಯಲ್ಲಿ. ‘ಅಲೆಯೋ ಚಟ ಹತ್ತಿ ಕೆಟ್ಟ ಮೇಲೆ ಒಳ್ಳೇದೇನು ಬಂತು ಮಾರಾಯ, ಕಳಿಸಿಬಿಡು’ ಎಂದಿದ್ದ ಲ್ಯಾಂಟಿ, ತಲೆ ಎತ್ತದೆ. ತಲೆ ಎತ್ತದೆ ಹೇಳಿದ್ದು ಅವತ್ತು ಮನಸ್ಸಿಗೆ ನಾಟಿರಲಿಲ್ಲ. ನೀನು ಯಾಕೆ ನಿನ್ನ ಹಿಂಡು ಹತ್ತಿಸಿಲ್ಲ ಎಂದು ಕೇಳಿದ್ದಕ್ಕೆ, ಕಾಲುಹುಣ್ಣು ಬಿದ್ದಿದೆ, ಕೆಳಗಿನ ಹೊಲದಲ್ಲೇ ಇಟ್ಟು ಮದ್ದು ಮಾಡುತ್ತಿದ್ದೇನೆ ಎಂದಿದ್ದ. ಹೌದು ಎಂದುಕೊಂಡ ಐಸಾಕ್. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವನದು, ಅದೂ ಲ್ಯಾಂಟಿ ಹೇಳಿದರೆ ಕರುವಿಗೆ ಹಗ್ಗವನ್ನೂ ಹುಡುಕುವವನು.

‘ಇದನ್ನ ಯಾರು ಮಾಡೋದು?’ ಇಮೊಜೆನ್ ಕೇಳುತ್ತಿದ್ದಳು. ‘ಅಂದ್ರೆ, ನಾನು ಕುರಿಯನ್ನ ಹೆಫ್ಟ್ ಮಾಡಿದೆ ಅಂತೀರೋ, ಕುರಿ ತಾನೇ ಹೆಫ್ಟ್ ಆಯ್ತು ಅಂತೀರೋ?’

‘ಎರಡೂ ಅಂತೀವಿ. ಆದ್ರೆ ನಾನು ಮಾಡಿದೆ ಅಂದೋನು ಸುಮ್ನೆ ಜಂಬ ಕೊಚ್ತಾನೆ ಅಂತ ಲೆಕ್ಕ. ತಾಯಿಕುರಿ ಮಾಡೋದು ಅದು. ಹೊಸ ಹಿಂಡಾದ್ರೆ ಮಾತ್ರ ಮನುಷ್ಯ ನಿಲ್ಲಬೇಕು. ಬೆಳಿಗ್ಗೆಯಿಂದ ಸಂಜೆ ತನಕ ಗಡಿಯಲ್ಲಿ ನಿಂತು, ದಾಟಿದ್ದನ್ನ ತಿರುಗಿಸಬೇಕು. ವರ್ಷಗಟ್ಟಲೆ.’

ಅವನು ನಿಂತಿದ್ದ. ಕಾಲುಬಾಯಿ ರೋಗ ಬಂದ ವರ್ಷ ಸರ್ಕಾರದವರು ಲ್ಯಾಂಟಿಯ ಹಿಂಡನ್ನೆಲ್ಲ ಕೊಂದು ಸುಟ್ಟಿದ್ದರು. ಹೊಗೆ ಕಣಿವೆಯಲ್ಲೇ ಕೂತಿತ್ತು, ಬಟ್ಟೆ ಒಗೆದರೂ ವಾಸನೆ ಹೋಗುತ್ತಿರಲಿಲ್ಲ. ಲ್ಯಾಂಟಿ ಅಡುಗೆಮನೆಯ ಮೇಜಿನ ಮೇಲೆ ಹಣೆಯೂರಿ ಅತ್ತಿದ್ದ, ಮುಗೀತು ಕಣೋ ಐಸಾಕ್, ಕುರಿ ತರಬಹುದು, ಆ ನೆಲ ಬಲ್ಲ ಕುರಿ ಎಲ್ಲಿಂದ ತರಲಿ ಎಂದು. ಐಸಾಕ್ ತನ್ನ ಹಿಂಡಿನಿಂದ ಹೆಣ್ಣುಕುರಿಗಳನ್ನು ಆರಿಸಿ ಕೊಟ್ಟ. ಕೊಟ್ಟರೆ ಸಾಲದು, ನಿಲ್ಲಬೇಕಲ್ಲ? ಅವು ತೊರೆ ದಾಟಿ ಹಳೆಯ ನೆಲಕ್ಕೆ ಬರುತ್ತಲೇ ಇದ್ದವು. ಮೂರು ಬೇಸಿಗೆ ಇಬ್ಬರೂ ಸರದಿಯ ಮೇಲೆ ತೊರೆಯ ದಂಡೆಯಲ್ಲಿ ನಿಂತರು, ಮಳೆಯಲ್ಲಿ, ಮಂಜಿನಲ್ಲಿ, ಒಬ್ಬನ ಚಹಾ ಇನ್ನೊಬ್ಬ ಕುಡಿದು. ತನ್ನ ಕುರಿ ತನ್ನ ಹತ್ತಿರ ಬಂದಾಗ ತಾನೇ ಅದನ್ನು ಅಟ್ಟುವುದು ವಿಚಿತ್ರ ಕೆಲಸ. ಅದು ತಿರುಗಿ ತಿರುಗಿ ನೋಡುತ್ತಿತ್ತು. ಇವತ್ತು ದೊಡ್ಡಿಯಲ್ಲಿ ನೀಲಿ ಹೊತ್ತು ನಿಂತಿರುವುದು ಅದೇ ಸಂತಾನ. ಮುದುಕಿಗೂ ಇವಳಿಗೂ ಅಜ್ಜಿ ಒಬ್ಬಳೇ ಇರಬೇಕು.

‘ಒಂದು ಹಿಂಡು ಹೆಫ್ಟ್ ಆದ್ಮೇಲೆ ಅದು ಬಿಟ್ಟುಹೋಗೋದೂ ಉಂಟಾ?’

‘ಸುಮ್ ಸುಮ್ನೆ ಬಿಡಲ್ಲ. ನೋಡಮ್ಮ, ಬರೀ ನೆಲದ ನೆನಪು ಅಂತಲ್ಲ ಇದು. ಆ ಕಡೆ ಇನ್ನೊಬ್ಬರ ಹಿಂಡು ಇರುತ್ತಲ್ಲ, ಅದು ಇದನ್ನ ತಡೆಯುತ್ತೆ. ಬೆಂಚಿನ ಮೇಲೆ ಜನ ಒತ್ತಿಕೊಂಡು ಕೂತ ಹಾಗೆ. ಮಧ್ಯದೋನು ಎದ್ದುಹೋದ ಅಂದ್ಕೋ, ಪಕ್ಕದೋರು ತಮಗೆ ಗೊತ್ತಿಲ್ಲದ ಹಾಗೆ ಜರುಗ್ತಾರೆ. ಆ ಕಡೆ ನೆಲ ಖಾಲಿಯಾಯ್ತು, ಅಲ್ಲಿನ ಹಿಂಡು ಇನ್ನು ಬರಲ್ಲ ಅಂತ ಕುರಿಗೆ ವಾಸನೆಯಲ್ಲೇ ತಿಳಿಯುತ್ತೆ. ಆಗ ಎಂಥಾ ಒಳ್ಳೇ ಕುರಿಯಾದ್ರೂ…’

ಯಂತ್ರದ ಕೆಂಪು ದೀಪ ಉರಿಯುತ್ತಲೇ ಇತ್ತು. ತನ್ನ ಬಾಯಿಂದ ಬಂದ ಮಾತು ಯಾರೋ ಹಿಂದಿನಿಂದ ಕರೆದ ಹಾಗೆ ಕೇಳಿಸಿತು. ಇಲ್ಲ, ಕಾಲುಹುಣ್ಣಿಗೆ ನಾಲ್ಕು ವಾರ ಕೆಳಗಿಟ್ಟರೆ ನೆಲ ಖಾಲಿಯಾದ ಹಾಗಲ್ಲ, ವಾಸನೆ ಇರುತ್ತದೆ, ಹಿಕ್ಕೆ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಪಕ್ಕದ ದೊಡ್ಡಿಯ ಮೇಲೆ ಮೊಣಕೈಯೂರಿ ಮುದುಕ ಜೋಬ್ ಫ್ಲೆಮಿಂಗ್ ನಿಂತಿದ್ದ. ಬೆಳಿಗ್ಗೆಯೇ ಕುಡಿದು ಮುಖ ಕೆಂಪಾಗಿತ್ತು. ಕೂಟದ ದಿನ ಎಲ್ಲರ ಕಾಲೆಳೆಯುವುದು ಅವನಿಗೆ ವಂಶಪಾರಂಪರ್ಯವಾಗಿ ಬಂದ ಹಕ್ಕು. ‘ಅಯ್ಯೋ, ಅವನನ್ನೇನು ಕೇಳ್ತೀಯಮ್ಮ’ ಎಂದ. ‘ಲ್ಯಾಂಟಿ ಬರ್ಕೆಟ್ ಬರ್ತಾನೆ, ಅವನನ್ನ ಕೇಳು. ಅವನ ಕುರಿ ಈಗ ಸ್ಕಾಟ್‌ಲೆಂಡಿನ ಯಾವನದೋ ಲಾರಿಗೆ ಹೆಫ್ಟ್ ಆಗಿದಾವೆ. ಅವನು ಸೋಫಾಕ್ಕೆ ಹೆಫ್ಟ್ ಆಗಿದಾನೆ!’

ಸುತ್ತಲಿದ್ದವರು ನಕ್ಕರು. ಐಸಾಕನೂ ನಕ್ಕ. ಜೋಬನ ಮಾತಿಗೆ ಎಲ್ಲರೂ ನಗುವಾಗ ನಗುವುದು ರೂಢಿ, ಬಾಯಿ ತಾನಾಗಿ ತೆರೆಯಿತು. ಉಳಿದವರ ನಗು ಥಟ್ಟನೆ ನಿಂತಿತು. ಅವನದೊಂದೇ ಅಂಗಳದಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಆಗ ಒಬ್ಬೊಬ್ಬರೂ ತಮ್ಮ ಬೂಟು ನೋಡಿಕೊಂಡರು, ಒಬ್ಬ ಕೆಮ್ಮಿದ, ಇನ್ನೊಬ್ಬ ನಾಯಿಯನ್ನು ಸುಮ್ಮನೆ ಬೈದ. ಊರಿಗೆಲ್ಲ ಗೊತ್ತು. ಊರಿಗೆಲ್ಲ ಗೊತ್ತಿದ್ದು ಒಬ್ಬನಿಗೆ ಗೊತ್ತಿಲ್ಲ ಎಂದರೆ ಆ ಒಬ್ಬನ ಕತೆ ಯಾವ ಬಗೆಯದು ಎಂಬುದು ಎಲ್ಲ ಊರಿನ ಪಬ್ಬುಗಳಲ್ಲೂ ಹೇಳಿ ನಗುವ ಸಂಗತಿ. ಅವನೇ ಎಷ್ಟು ಸಲ ನಕ್ಕಿಲ್ಲ.

‘ಯಾವಾಗ?’ ಎಂದ ಐಸಾಕ್.

‘ನಿಂಗೆ… ಅಲ್ಲ ಮಾರಾಯ, ನೀವಿಬ್ರೂ…’ ಜೋಬನ ಅಮಲು ಇಳಿಯತೊಡಗಿತ್ತು. ‘ಆಗಸ್ಟಲ್ಲಿ ಇಳಿಸಿದ್ನಲ್ಲ, ಆಗ್ಲೇ. ನೆಲಾನೆಲ್ಲ ಮರ ನೆಡೋ ಕಂಪನಿಯೋರಿಗೆ ಬರೆದುಕೊಟ್ಟನಂತೆ. ಗಡಿಯಾಚೆ ಸಂತೆಗೆ ಹೊಡ್ದ, ಇಲ್ಲಿ ಯಾರ ಕಣ್ಣಿಗೂ ಬೀಳೋದು ಬೇಡ ಅಂತ. ನಿಂಗೆ ಮೊದ್ಲೇ ಹೇಳಿರ್ತಾನೆ ಅಂದ್ಕೊಂಡ್ವಿ.’

ಇಮೊಜೆನ್ ಕೈ ಚಾಚಿ ಯಂತ್ರವನ್ನು ಆರಿಸಿದಳು. ಅವಳು ಅದನ್ನು ಮಾಡಿದ ಮೆತ್ತಗಿನ ರೀತಿಯೇ ಐಸಾಕನಿಗೆ ಎಲ್ಲಕ್ಕಿಂತ ಹೆಚ್ಚು ಅವಮಾನವೆನಿಸಿತು. ಪರ ಊರಿನ ಹುಡುಗಿ ತನಗೆ ಮರೆ ಹಿಡಿಯುತ್ತಿದ್ದಾಳೆ. ಪಬ್ಬಿನ ಹಿಂಬಾಗಿಲಲ್ಲಿ ಅವನ ಹೆಂಡತಿ ಡೋರೀನ್ ಕಾಣಿಸಿದಳು. ಕುರಿಮಾಂಸ ಆಲೂಗೆಡ್ಡೆ ಒಟ್ಟಿಗೆ ಬೆಂದ ದೊಡ್ಡ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಬರುತ್ತಿದ್ದಳು. ಅಂಗಳದವರನ್ನು ನೋಡಿದಳು, ಅವನ ಮುಖ ನೋಡಿದಳು, ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟಳು. ಏನಾಯಿತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ, ಇವಳಿಗಾದರೂ ಗೊತ್ತಿರಲಿಲ್ಲ ಎಂಬ ಸಮಾಧಾನ ಅವನಿಗೆ ಉಳಿಯುತ್ತಿತ್ತು.

‘ನಿಂಗೂ ಗೊತ್ತಿತ್ತಾ?’

‘ನಾನೇ ಹೇಳ್ತೀನಿ ಅಂತ ಲ್ಯಾಂಟಿ ಅಂದಿದ್ದ’ ಎಂದಳು ಡೋರೀನ್. ‘ಅವನ ಬಾಯಿಂದ ಬರಬೇಕಾದ ಮಾತು ಅದು, ನಾನು ಆಡೋದು ಸರಿಯಲ್ಲ ಅನ್ನಿಸ್ತು. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನಾನೂ ಕಾದೆ ಕಣ್ರೀ.’

‘ಮುದುಕೀನ ಹತ್ತಿಸೋ ದಿನ ನೀನು ಕಿಟಕೀಲಿ ನಿಂತಿದ್ದೆ.’

ಅವಳು ಪಾತ್ರೆಯ ಮುಚ್ಚಳವನ್ನು ಸರಿಯಾಗಿಯೇ ಇದ್ದರೂ ಮತ್ತೆ ಸರಿಮಾಡಿದಳು.

ಲ್ಯಾಂಟಿ ಬಂದದ್ದು ಆಗ. ಕಾರಿನಿಂದ ಇಳಿದ, ಜೊತೆಗೆ ನಾಯಿಯಿಲ್ಲ, ಕೈಯಲ್ಲಿ ಕೋಲಿಲ್ಲ, ಕಾಲಲ್ಲಿ ಪಾಲಿಷ್ ಮಾಡಿದ ಕಂದು ಷೂ. ಐಸಾಕ್ ಆ ಷೂ ನೋಡಿದ. ಅಲ್ಲಿಯವರೆಗೆ ಜೋಬನ ಮಾತು ಸುಳ್ಳಿರಬಹುದು ಎಂಬ ಸಣ್ಣ ಆಸೆ ಒಳಗೆಲ್ಲೋ ಇತ್ತೆಂಬುದು ಆಗ ತಿಳಿಯಿತು. ಅಂಗಳದವರು ದಾರಿ ಬಿಟ್ಟು ನಿಂತರು. ಲ್ಯಾಂಟಿ ಕೆಸರು ನೋಡಿ ನೋಡಿ ಹೆಜ್ಜೆಯಿಡುತ್ತ ಬಂದು, ಎರಡು ಮಾರು ದೂರದಲ್ಲಿ ನಿಂತು, ದೊಡ್ಡಿಯೊಳಗಿನ ನೀಲಿ ಕುರಿಯನ್ನು ನೋಡಿದ.

‘ಇದೊಂದು ತಪ್ಪಿಸಿಕೊಂಡಿತ್ತಾ’ ಎಂದ.

‘ತಪ್ಪಿಸಿಕೊಂಡಿತ್ತು.’

‘ಐಸಾಕ್, ಹೇಳೋಣ ಅಂತ ಎಷ್ಟು ಸಲ ನಿನ್ನ ಮನೆ ತನಕ ಬಂದೆ ಗೊತ್ತಾ. ನನ್ನ ಮಂಡಿ ನೋಡಿದೀಯ ನೀನು. ಆ ಗುಡ್ಡ ಹತ್ತಿ ಇಳಿಯೋದು ಇನ್ನು ನನ್ನ ಕೈಲಾಗಲ್ಲ. ಹೇಳಿದ್ರೆ ನೀನು, ನಾನು ನಿಲ್ತೀನಿ ನಿನ್ನ ಬದಲು ಅಂತಿದ್ದೆ. ಅಂತಿದ್ದೆಯೋ ಇಲ್ವೋ? ಆಮೇಲೆ ನಾನು ಹೆಂಗೋ ಮಾರಲಿ?’

ಅಂತಿದ್ದೆ ಎಂಬುದು ಐಸಾಕನಿಗೆ ಗೊತ್ತಿತ್ತು. ತನ್ನ ಒಳ್ಳೆಯತನವನ್ನೇ ಇವನು ತನ್ನ ಮೇಲೆ ತಪ್ಪಾಗಿ ಹೊರಿಸುತ್ತಿದ್ದಾನೆ ಎನಿಸಿ ಸಿಟ್ಟು ಉಕ್ಕಿತು. ಮಂಡಿ ಸೋತದ್ದಕ್ಕೆ ಸಿಟ್ಟಿಲ್ಲ, ಮಾರಿದ್ದಕ್ಕೂ ಅಷ್ಟು ಸಿಟ್ಟಿಲ್ಲ. ವಯಸ್ಸಾದವನು ಮಾರುತ್ತಾನೆ, ಮರ ನೆಡುವವರು ಬರುತ್ತಾರೆ, ನಾಳೆ ತನ್ನ ಕಾಲೂ ಸೋಲುತ್ತದೆ. ಅದೆಲ್ಲ ಸರಿ. ಆದರೆ ತೊರೆ ದಾಟಿದ್ದಕ್ಕೆ ಕಾರಣ ಬಲ್ಲವನು ಈ ಕಣಿವೆಯಲ್ಲಿ ಒಬ್ಬನೇ ಇದ್ದ, ಅವನು ಬಗ್ಗಿ ಕಾಲು ಹಿಡಿದ.

‘ಅವಳು ಕೆಟ್ಟಿರಲಿಲ್ಲ’ ಎಂದ ಐಸಾಕ್. ‘ನಿನ್ನ ನೆಲ ಖಾಲಿಯಾಯ್ತು ಅಂತ ಅವಳಿಗೆ ಗೊತ್ತಾಗಿತ್ತು. ನಂಗೆ ಹೇಳೋಕೆ ಬಂದಿದ್ಲು ಅಂದ್ಕೊಳೋ. ನಾನು ಅವಳನ್ನ ಹೊಡೆದೆ. ನಾಯಿ ಬಿಟ್ಟು ಓಡಿಸಿದೆ. ಅವಳನ್ನ ಗಾಡಿ ಹತ್ತಿಸೋವಾಗ ಹಿಂಗಾಲು ಹಿಡಿದೋನು ನೀನು, ಲ್ಯಾಂಟಿ. ಕಳಿಸಿಬಿಡು ಅಂದೋನು ನೀನು.’

ಲ್ಯಾಂಟಿ ಬಾಯಿ ತೆರೆದ. ‘ಬರೀ ಒಂದು ಕುರಿ ಕಣೋ…’ ಎಂದ.

ಆ ಮಾತು ಅವನು ಬೇಕೆಂದು ಆಡಿದ್ದಲ್ಲ. ಆಡಿದ ಕೂಡಲೇ ಅವನ ಮುಖವೂ ಬಾಡಿತು. ಆದರೆ ಕುರಿಗಾರರ ಕೂಟದ ನಟ್ಟನಡುವೆ, ಒಂದು ಕುರಿಯನ್ನು ಒಡೆಯನಿಗೆ ಮುಟ್ಟಿಸಲು ಮೈಲಿಗಟ್ಟಲೆ ನಡೆದು ಬಂದವರ ಎದುರು ಆ ಮಾತು ಬಿದ್ದಿತ್ತು. ಜೋಬ್ ಕೂಡ ಮುಖ ತಿರುಗಿಸಿದ. ಐಸಾಕ್ ದೊಡ್ಡಿಯ ಬಾಗಿಲು ತೆಗೆದು ಒಳಗೆ ಹೋದ. ನೀಲಿ ಕುರಿಯ ಎದೆಯ ಕೆಳಗೊಂದು ಹೊಟ್ಟೆಯ ಕೆಳಗೊಂದು ಕೈ ಕೊಟ್ಟು ಎತ್ತಿಕೊಂಡ. ತೂಕ ಚೆನ್ನಾಗಿತ್ತು, ಚಳಿಗಾಲ ತಡೆಯುವ ಕುರಿ. ತಂದು ಲ್ಯಾಂಟಿಯ ಎದುರು ನಿಂತ.

‘ತಗೋ. ನಿನ್ನದು.’

‘ಎಲ್ಲಿಡಲೋ ನಾನು ಇದನ್ನ? ಹೊಲ ಕೂಡ ಅವರಿಗೆ ಹೋಯ್ತು. ನೀನೇ ಇಟ್ಕೋ. ಇಲ್ಲಾ ಮುಂದಿನ ಗಾಡೀಲಿ…’ ಲ್ಯಾಂಟಿಯ ಕೈಗಳು ಎರಡು ಸಲ ಮುಂದೆ ಬಂದು ಹಿಂದೆ ಹೋದವು. ಕೂಟದಲ್ಲಿ ಒಪ್ಪಿಸಿದ ಕುರಿಯನ್ನು ಒಡೆಯ ಬೇಡವೆಂದದ್ದನ್ನು ಅಲ್ಲಿದ್ದ ಯಾರೂ ಕಂಡಿರಲಿಲ್ಲ. ಐಸಾಕನ ತೋಳು ಸೋಲುತ್ತಿತ್ತು. ಅವನು ಇನ್ನೂ ಸ್ವಲ್ಪ ಹೊತ್ತು ಹಿಡಿದು ನಿಂತ, ಕೊನೆಯ ಅವಕಾಶ ಕೊಡುವವನ ಹಾಗೆ. ಆ ಅವಕಾಶ ಯಾರಿಗೆ ಎಂಬುದು ಅವನಿಗೇ ಸ್ಪಷ್ಟವಿರಲಿಲ್ಲ. ಆಮೇಲೆ ಕುರಿಯನ್ನು ಹೊತ್ತುಕೊಂಡೇ ಗಾಡಿಯ ಕಡೆ ನಡೆದ. ಡೋರೀನ್ ಊಟ ಮಾಡಿ ಹೋಗಿ ಎಂದಳು. ಅವನು ತಿರುಗಲಿಲ್ಲ. ಗೋಡೆಯ ಬಳಿಯಿಂದ ಇಮೊಜೆನ್ ಬಂದು ಗೇಟನ್ನು ಅವನಿಗಾಗಿ ತೆರೆದು ಹಿಡಿದಳು.

ಗುಡ್ಡದ ಬುಡದ ಗೋಡೆ ದಾಟಿ, ಒಣಗಿ ಕೆಂಪಾದ ಜರಿಗಿಡಗಳ ನಡುವೆ ಹತ್ತುವಾಗ ಮಧ್ಯಾಹ್ನದ ಬಿಸಿಲು ಓರೆಯಾಗಿತ್ತು. ಕುರಿಯನ್ನು ಮುಂದೆ ನಡೆಸಿಕೊಂಡು, ನೆಲ್ಲಳನ್ನು ಕಾಲ ಬಳಿ ಇಟ್ಟುಕೊಂಡು ಹತ್ತಿದ. ಇವಳನ್ನು ತನ್ನ ಹಿಂಡಿನಲ್ಲಿ ಸೇರಿಸಿಬಿಡುವುದು, ನೀಲಿಯ ಮೇಲೆ ತನ್ನ ಕೆಂಪು ಬಳಿಯುವುದು, ಅಷ್ಟೆ. ಆಮೇಲೆ ತೊರೆಯ ದಂಡೆಯಲ್ಲಿ ನಿಲ್ಲಬೇಕು. ನಾಳೆಯಿಂದ, ಒಬ್ಬನೇ, ಎಷ್ಟು ವರ್ಷವೆಂದು ದೇವರಿಗೇ ಗೊತ್ತು. ಆಚೆ ತಡೆಯುವ ಹಿಂಡಿಲ್ಲದೆ ಈಚೆಯ ಹಿಂಡು ನಿಲ್ಲುತ್ತದೆಯೇ? ಬಿಟ್ಟುಹೋಗುವುದಕ್ಕೆ ನಿಮ್ಮಲ್ಲಿ ಏನಂತೀರಿ, ಅದಕ್ಕೊಂದು ಪದವಿದೆಯೇ ಎಂದು ಆ ಹುಡುಗಿ ಕೇಳಬಹುದಿತ್ತು. ಕೇಳಲಿಲ್ಲ. ಪದವಿರಲಿಲ್ಲ. ಅಪ್ಪನಾಗಲಿ ಅಜ್ಜನಾಗಲಿ ಅಂಥ ಮಾತು ಆಡಿದ್ದನ್ನು ಅವನು ಕೇಳಿರಲಿಲ್ಲ. ಬೇಕಾಗಿರಲಿಲ್ಲವೋ ಏನೋ.

ತನ್ನ ಹಿಂಡು ಬಂಡೆಗಳ ನಡುವೆ ಮೇಯುತ್ತಿತ್ತು. ಮುದುಕಿಯ ಮಗಳು, ಅದೇ ಬೆಳ್ಳಗಿನ ಮುಖ, ತಲೆ ಎತ್ತಿ ಅವನನ್ನು ನೋಡಿ ಮತ್ತೆ ಬಗ್ಗಿದಳು. ಐಸಾಕ್ ನಿಂತು ಉಸಿರು ತೆಗೆದುಕೊಂಡ. ನೀಲಿ ಕುರಿ ನಿಲ್ಲಲಿಲ್ಲ. ಹಿಂಡಿನ ನಡುವೆ, ಯಾರನ್ನೂ ಮೂಸದೆ, ಯಾರಿಗೂ ಮೂಸಲು ಬಿಡದೆ, ನೇರ ತೊರೆಗೆ ಇಳಿದಳು. ನೀರು ಕಡಿಮೆಯಿರುವ ಕಡೆ ಹುಡುಕಲೂ ಇಲ್ಲ, ಅವಳಿಗೆ ಅದು ಗೊತ್ತಿತ್ತು. ಮೂರು ಬೇಸಿಗೆ ತಾನೂ ಲ್ಯಾಂಟಿಯೂ ನಿಂತು ಅವಳ ಅಜ್ಜಿಗೆ ಕಲಿಸಿದ ಜಾಗ ಅದು. ಆಚೆ ದಂಡೆ ಹತ್ತಿ ಮೈ ಕೊಡವಿಕೊಂಡು, ಕಣ್ಣು ಹಾಯುವವರೆಗೆ ಒಂದು ಜೀವವೂ ಇಲ್ಲದ ಆ ನೆಲದ ಮೇಲೆ, ಸಂಜೆ ಮನೆಗೆ ಬಂದವಳ ಹಾಗೆ, ಅವಸರವಿಲ್ಲದೆ ಮೇಲೆ ಮೇಲೆ ನಡೆದಳು. ಈಚೆ ಮುದುಕಿಯ ಮಗಳು ಮತ್ತೆ ತಲೆ ಎತ್ತಿದಳು. ಅವಳ ಹಿಂದೆ ಇನ್ನೊಂದು. ಅವು ನೀರಿನ ಕಡೆ ಸರಿಯತೊಡಗಿದವು. ನೆಲ್ ಐಸಾಕನ ಮುಖ ನೋಡಿ ಕುಂಯ್‌ಗುಟ್ಟಿದಳು. ಅವನು ಸಿಳ್ಳೆ ಹಾಕಲು ಬೆರಳು ಬಾಯಿಗಿಟ್ಟ. ಉಸಿರು ಬಂತು, ಸಿಳ್ಳೆ ಬರಲಿಲ್ಲ.

ನೀಲಿ ಕುರಿ ದಿಬ್ಬದ ಮೇಲೆ ನಿಂತು, ತನ್ನವರಿಗಾಗಿ ಒಮ್ಮೆ ಕೂಗಿದಳು. ಉತ್ತರಕ್ಕೆ ಕಿವಿ ನೆಟ್ಟಗೆ ಮಾಡಿ ಕಾದಳು.

ಅವಳಿಗೂ ಯಾರೂ ಹೇಳಿರಲಿಲ್ಲ.